ಎಳೆ ಕೂಡಿಸಿದ್ದೇ ತಪ್ಪಾಯಿತು

“ಅತ್ತಿಗೆ, ರಂಗೋಲಿ ಪುಡಿ ಕಾಲ ಮುಗೀತು!” ಎಂದು ನನ್ನ ಮೈದುನ ಶ್ರೀಕಂಠ ಸೀಸೆ ಅಲ್ಲಾಡಿಸಿದ. ಒಳಗೆ ತಿಳಿಗಂಜಿಯಂಥ ದ್ರವ. ಬಚ್ಚಲುಮನೆಯನ್ನು ಪ್ರಯೋಗಶಾಲೆ ಮಾಡಿಕೊಂಡು, ನಮ್ಮನ್ನೆಲ್ಲ ಹಿತ್ತಲ ನಲ್ಲಿಯ ತಣ್ಣೀರಿಗೆ ಅಟ್ಟಿ ಅವನು ತಯಾರಿಸಿದ್ದು ಅದನ್ನೇ.

“ಕೆಂಪು, ಹಸಿರು ಯಾರು ಬೇಕಾದ್ರೂ ಮಾಡ್ತಾರೆ. ನೀಲಿ ಬೆಳಕು ಕೊಡೋ ಇಂಗಾಲದ ಅಣು ಕಟ್ಟೋದೇ ಕಷ್ಟ. ಇದನ್ನ ಬಳಿದು ಒಣಗಿಸಿದ್ರೆ ಸಾಕು.”

ಕಲ್ಲಿನ ಮೇಲೆ ಒಂದು ಗೀಟೆಳೆದು ನೇರಳೆ ದೀಪ ಹಿಡಿದ. ಗೀಟು ನೀಲಿಯಾಗಿ ಹೊಳೆಯಿತು. ತಣ್ಣೀರನ್ನೆಲ್ಲ ನಾನು ಆಗಲೇ ಕ್ಷಮಿಸಿಬಿಟ್ಟೆ. ಮರುದಿನ ಸಂಜೆ ನಮ್ಮ ಬೀದಿಯ ಸಂಕ್ರಾಂತಿ ರಂಗೋಲಿ ಸ್ಪರ್ಧೆ. ಪ್ರತಿ ವರ್ಷ ಮೊದಲ ಬಹುಮಾನ ಎದುರುಮನೆ ವಿಮಲಕ್ಕನಿಗೇ. ಮಂಡಿ ಬಗ್ಗದಂತಾಗುವ ಮೊದಲು ಒಂದು ಸಲವಾದರೂ ಗೆಲ್ಲಬೇಕೆಂದು ನನಗೆ ವಿಪರೀತ ಆಸೆ.

“ಒಂದೇ ಮಾತು,” ಎಂದ ಶ್ರೀಕಂಠ. “ಎಳೆ ಪೂರ್ತಿ ಕೂಡಿಸಬೇಡಿ, ಬೆರಳಗಲ ಜಾಗ ಬಿಡಿ. ಕೂಡಿದ್ರೆ ಬೆಳಕು ಅದರೊಳಗೇ ಸುತ್ತಿ ಸುತ್ತಿ ಬಲಿತು ಲೇಸರ್ ಆಗುತ್ತೆ.”

“ಹಬ್ಬದ ದಿನ ಎಳೆ ಬಿಟ್ಟ ರಂಗೋಲಿನಾ? ನೋಡಿದೋರು ಏನಂತಾರೋ!”

“ಲೇಸರ್ ಆದ್ರೆ ಏನಾಗುತ್ತೋ ನಂಗೂ ಗೊತ್ತಿಲ್ಲ ಅತ್ತಿಗೆ.”

ಮನಸ್ಸಿಲ್ಲದೆ ಒಪ್ಪಿದೆ. ಮೆಹಂದಿ ಕೋನಿಗೆ ದ್ರವ ತುಂಬಿ, ಅಂಗಳದ ತುಂಬ ಚುಕ್ಕಿ ರಂಗೋಲಿ ಎಳೆದೆ. ಸ್ಪರ್ಧೆಯ ಸಂಜೆ ನೇರಳೆ ದೀಪ ಹಾಕಿದ್ದೇ ತಡ, ಬೀದಿಯೆಲ್ಲ ನಮ್ಮ ಗೇಟಿನ ಮುಂದೆ. ನಾನು ಉಬ್ಬಿಹೋದೆ.

ಆಗ ವಿಮಲಕ್ಕ ಬಗ್ಗಿ ನೋಡಿ, ಎಲ್ಲರಿಗೂ ಕೇಳುವಂತೆ ಅಂದರು: “ಸುಶೀಲಾ, ಇಲ್ಲೊಂದು ಎಳೆ ಕೂಡೇ ಇಲ್ವಲ್ರೀ. ಕಣ್ಣು ಮಂಜಾಯ್ತಾ?”

ಮೈಯೆಲ್ಲ ಉರಿಯಿತು. ಕೋನು ತೆಗೆದುಕೊಂಡು ಕೂಡಿಸಿಯೇಬಿಟ್ಟೆ. ಹನಿ ಒಣಗಿತು.

“ಎಲ್ರೂ ಬಗ್ಗಿ!” ಎಂದು ಶ್ರೀಕಂಠ ಕಿರುಚಿದ. ಬೀದಿ ಸಂಘದ ಅಧ್ಯಕ್ಷರು ಎಳ್ಳುಬೆಲ್ಲದ ತಟ್ಟೆಯ ಮೇಲೆಯೇ ಬೋರಲು ಬಿದ್ದರು. ಅಂಗಳದಿಂದೆದ್ದ ನೀಲಿ ಬೆಳಕು ನಮ್ಮ ಬಾಗಿಲ ತೋರಣವನ್ನು ಕತ್ತರಿಸಿ, ರಸ್ತೆ ದಾಟಿ, ವಿಮಲಕ್ಕನ ಹೊಸ ಸುಣ್ಣದ ಗೋಡೆಗೆ ಬಡಿಯಿತು. ಒಂದು ಚುಕ್ಕಿಯೂ ತಪ್ಪದೆ ನನ್ನ ರಂಗೋಲಿ ಅಲ್ಲಿ ಅಚ್ಚಾಯಿತು! ವಿಮಲಕ್ಕ ಓಡಿಹೋಗಿ ಒದ್ದೆ ಬಟ್ಟೆಯಿಂದ ಉಜ್ಜಿದರು. ಉಜ್ಜಿದಷ್ಟೂ ಹೊಳಪು ಹೆಚ್ಚಿತು.

ನಮ್ಮ ಅಂಗಳ ಮಾತ್ರ ಬರಿದಾಗಿತ್ತು.

“ನೀಲಿಗೆ ಆಯುಸ್ಸು ಕಮ್ಮಿ ಅತ್ತಿಗೆ,” ಎಂದು ಶ್ರೀಕಂಠ ತಲೆ ಕೆರೆದುಕೊಂಡ.

ಅಷ್ಟರಲ್ಲಿ ತೀರ್ಪುಗಾರರಾದ ಡ್ರಾಯಿಂಗ್ ಟೀಚರ್ ಅಂಬುಜಾಕ್ಷಿ ಬಂದರು. ಗೋಡೆ ಕಂಡು ಕೆನ್ನೆಗೆ ಕೈ ಇಟ್ಟುಕೊಂಡರು. “ಮೇಡಂ, ಅದು ನಂದು,” ಎಂದೆ.

“ಯಾರ ಮನೇಲಿದೆಯೋ ಅವರದು ಕಣಮ್ಮ. ನಿಯಮ.”

ಬಹುಮಾನದ ಸ್ಟೀಲ್ ಕೊಳಗ ವಿಮಲಕ್ಕನ ಕೈಗೆ ಹೋಯಿತು. ನನಗೆ ಅಳು ಬಂತು, ಆದರೆ ತೀರ್ಪು ತಪ್ಪೆನ್ನಲು ಬಾಯಿ ಬರಲಿಲ್ಲ. ಬೀದಿಯಲ್ಲಿ ಅದಕ್ಕಿಂತ ಚೆಂದದ ರಂಗೋಲಿ ಇರಲೇ ಇಲ್ಲ.