ದೇವಕಮ್ಮನ ಚಾಕುವಿನ ಮೂರು ಮೊಳೆ

"ಹಿಡಿಕಿ ನಿಮ್ಮ ಕೈಯಾಗ ಅದ, ಚಾಕು ಕುಂಬಳಕಾಯ್ಯಾಗ ಅದ. ಇನ್ನ ಪಲ್ಯ ಯಾವಾಗ ಮಾಡ್ಲಿರಿ ನಾನು?"

ಸೌಭಾಗ್ಯ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ಕೇಳಿದಳು. ವಿಶ್ವರಾಧ್ಯ ತನ್ನ ಅಂಗೈ ನೋಡಿಕೊಂಡ. ಹಿಡಿಕೆಯ ಎರಡು ಕಟ್ಟಿಗೆ ಹೋಳುಗಳು ಬೀಸುಕಲ್ಲಿಂದ ಹೊರಬಿದ್ದ ತೊಗರಿಬೇಳೆಯಂತೆ ಬೇರೆಬೇರೆಯಾಗಿದ್ದವು. ಗೇಣುದ್ದದ ಅಲಗು ಮಾತ್ರ ಕುಂಬಳಕಾಯಿಯಲ್ಲಿ ನಾಟಿಕೊಂಡು, ಮನೆ ಖಾಲಿ ಮಾಡಲೊಲ್ಲದ ಬಾಡಿಗೆದಾರನಂತೆ ನಿಂತಿತ್ತು.

ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದೆಂಬುದು ಆ ಮನೆಯ ಪದ್ಧತಿ. ಗಂಡಸು ಒಡೆದುಕೊಡಬೇಕು, ಆಮೇಲೆ ಹೆಂಗಸು ಹೆಚ್ಚಬೇಕು. ವರ್ಷಕ್ಕೆ ಎರಡೋ ಮೂರೋ ಸಲ ಬರುವ ಈ ಪರಾಕ್ರಮದ ಕೆಲಸವೆಂದರೆ ವಿಶ್ವರಾಧ್ಯನಿಗೆ ಬಲು ಹುರುಪು. ಶಹಾಪುರದ ಬಸ್ ನಿಲ್ದಾಣದಲ್ಲಿ ಮೈಕಿನೊಳಗೆ ಬಸ್ಸುಗಳ ಹೆಸರು ಕೂಗುವುದು ಅವನ ನೌಕರಿ. ಅವನು ಒಮ್ಮೆ ದನಿ ತೆಗೆದರೆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದವರೂ ಚೀಲ ಎತ್ತಿಕೊಂಡು ಓಡುತ್ತಿದ್ದರು. ದನಿಗಿರುವ ಜೋರು ಕೈಗೂ ಇದೆ ಎಂದು ವಾರದ ರಜೆಯ ಹುಮ್ಮಸ್ಸಿನಲ್ಲಿ ನಂಬಿದ್ದೇ ತಪ್ಪಾಯಿತು.

ಚಾಕು ಸ್ವಂತದ್ದಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದು ಪಕ್ಕದ ಮನೆಯ ದೇವಕಮ್ಮನದು. ನಿನ್ನೆ ಸುರಪುರದ ಮಗಳ ಮನೆಗೆ ಹೊರಟು ನಿಂತವಳನ್ನು ತಡೆದು ಸೌಭಾಗ್ಯ ಕೇಳಿ ಇಸಿದುಕೊಂಡಿದ್ದಳು. ನಳದ ನೀರು ಐದು ದಿನಕ್ಕೊಮ್ಮೆ ಮುಖ ತೋರಿಸುವ ಆ ಓಣಿಯಲ್ಲಿ ಬೋರು ಇದ್ದದ್ದು ದೇವಕಮ್ಮನ ಅಂಗಳದಲ್ಲಿ ಮಾತ್ರ. ಹಿಂದೆ ಅವಳ ಜರಡಿ ಹರಿದವರೊಬ್ಬರು ಅವಳಿಗೆ ಮುಖ ತೋರಿಸಲಾಗದೆ, ಎರಡು ಬೇಸಿಗೆ ಪೂರ್ತಿ ಮೂರು ಓಣಿ ದಾಟಿ ಕೊಡ ಹೊತ್ತಿದ್ದರು.

"ಸಂಜಿಗೆ ಬರ್ತಾಳ್ರಿ ಅಕಿ. ಚಾಕು ನೆಟ್ಟಗಾಗ್ಲಿಲ್ಲಂದ್ರ ನಾಳಿಂದ ನೀರು ನೀವೇ ಹೊರ್ರಿ."

"ನಾಕೂ ಹತ್ತಕ್ಕ ಸುರಪುರ ಬಿಡ್ತದ, ಐದಕ್ಕ ಇಲ್ಲಿ ಮುಟ್ತದ," ಅಂದ ವಿಶ್ವರಾಧ್ಯ. ಬಾಯಿ ತಾನಾಗಿಯೇ ಅಂದುಬಿಟ್ಟಿತು.

"ಬಸ್ಸಿನ ಟೈಮ್ ಯಾರು ಕೇಳ್ಯಾರ? ಇದರ ಮೊಳಿ ಎಲ್ಲಿ ಹಾರಸೀರಿ ಹುಡುಕ್ರಿ."

ಹೋಳುಗಳಲ್ಲಿ, ಅಲಗಿನ ಬಾಲದಲ್ಲಿ ಮೂರು ಮೂರು ತೂತುಗಳಿದ್ದವು. ಅವುಗಳಲ್ಲಿ ಇರಬೇಕಾದ ಮೊಳೆಗಳು ಮಾತ್ರ ಎಲ್ಲೂ ಇಲ್ಲ. ವಿಶ್ವರಾಧ್ಯ ಮಂಡಿಯೂರಿ ಮಂಚದ ಕೆಳಗೆ ತೂರಿದ, ಜೋಳದ ಚೀಲ ಸರಿಸಿದ, ಕುಂಬಳಕಾಯಿಯನ್ನೂ ಹೊರಳಿಸಿ ನೋಡಿದ. ಸಿಕ್ಕದ್ದು ಕಡ್ಡಿಯ ಒಂದೆರಡು ಚೂರು ಮಾತ್ರ, ಕಸವೆಂದು ಆಚೆ ಎಸೆದ.

"ಏನ್ ಹುಡುಕಾಕತ್ತೀ ತಮ್ಮಾ?"

ಇನ್ನೊಂದು ಪಕ್ಕದ ಮನೆಯ ಬಸವಂತರಾಯ ಮಾಸ್ತರರ ತಲೆ ಅಂಗಳದ ಗೋಡೆಯ ಮೇಲೆ ಮೂಡಿತು. ನಿವೃತ್ತರಾದ ಮೇಲೆ ಶಾಲೆಯೊಂದು ಬಿಟ್ಟು ಊರಿನವರಿಗೆಲ್ಲ ಅವರು ಪಾಠ ಹೇಳುತ್ತಿದ್ದರು. ಸಂಗತಿ ಕೇಳಿ ನಕ್ಕರು.

"ಇಷ್ಟ ಅಲ್ಲೇನು? ಮೊಳಿ ಬಡಿಯೋದು ಅಜ್ಜಾರ ಕಾಲಕ್ಕ ಮುಗೀತು. ನಟ್ಟು ಬೋಲ್ಟು ಹಾಕು. ನಿನ್ನ ಬಸ್ಸು ಯಾವುದರ ಮ್ಯಾಲ ನಿಂತದ? ಬೋಲ್ಟಿನ ಮ್ಯಾಲ. ಹಂತಾ ಬಸ್ಸೇ ತಡೀತದ, ಚಾಕು ತಡಿಯಂಗಿಲ್ಲೇನು?"

ಮಾತು ಖರೆ ಅನ್ನಿಸಿತು. ವಿಶ್ವರಾಧ್ಯ ಅಲಗನ್ನು ಕುಂಬಳಕಾಯಿಯಿಂದ ಕಿತ್ತು, ಚೀಲವೊಂದರಲ್ಲಿ ಹಾಕಿಕೊಂಡು ಅಜೀಮನ ಕಬ್ಬಿಣ ಸಾಮಾನಿನ ಅಂಗಡಿಗೆ ನಡೆದ. ಅಜೀಮ ಡಬ್ಬಿಗಳನ್ನೆಲ್ಲ ಜಾಲಾಡಿ ಮೂರು ಬೋಲ್ಟು ತೆಗೆದ.

"ಇದಕಿಂತ ಸಣ್ಣವು ಇಲ್ಲ ನೋಡ್ರಿ ಸಾಹೇಬ್ರ. ಕೂಲರಿಗೆ ಹಾಕೋವು ಇವು. ಜರಾ ಬಿಗಿ ಆಗ್ತಾವ."

"ಬಿಗಿ ಆದ್ರ ಚಲೋನೇ ಅಲ್ಲೇನು ಭಾಯ್?" ಎಂದ ವಿಶ್ವರಾಧ್ಯ, ಅಂಗಡಿಯ ಸುತ್ತಿಗೆಯನ್ನೇ ಎತ್ತಿಕೊಂಡ. ಮೊದಲ ಬೋಲ್ಟು ಅರ್ಧ ಇಳಿಯಿತು. ಇನ್ನೊಂದೇಟು ಹಾಕಿದ. 'ಕಟಕ್' ಅಂದಿತು. ಎರಡಿದ್ದ ಹೋಳು ಮೂರಾಯಿತು.

ಅಜೀಮ ಮುರಿದ ಹೋಳನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟ. "ಸುತ್ತಿಗಿ ಇಲ್ಲಿ ಕೊಡ್ರಿ ಸಾಹೇಬ್ರ. ಇನ್ನ ಇದು ಮೌನಪ್ಪನ ಕುಲುಮಿಗೆ ಒಯ್ಯೋ ಕೇಸು. ಬೋಲ್ಟು ಹಾಕಂತ ಯಾರು ಹೇಳಿದ್ರು ನಿಮಗ?"

"ಆ ಮಾಸ್ತರ! ಇವತ್ತ ತೋರಸ್ತೀನಿ ಅವರಿಗೆ!"

ಇದನ್ನು ಬೇರೆ ಯಾರಾದರೂ ಅಂದಿದ್ದರೆ ಅಂಗಡಿಯ ಕಟ್ಟೆ ದಾಟುತ್ತಿರಲಿಲ್ಲ. ಅಂದದ್ದು ಬಸ್ ನಿಲ್ದಾಣದ ಗಂಟಲು. ಅರ್ಧ ಬಜಾರ ತಿರುಗಿ ನೋಡಿತು. ನೋಡಿದವರಿಗೆ ಕಂಡದ್ದು, ಸಿಟ್ಟಿನ ಭರದಲ್ಲಿ ಚೀಲವನ್ನು ಅಂಗಡಿಯಲ್ಲೇ ಮರೆತು, ಬತ್ತಲೆ ಅಲಗನ್ನು ಹಿಡಿದು ದಾಪುಗಾಲು ಹಾಕುತ್ತಿದ್ದ ವಿಶ್ವರಾಧ್ಯ.

ಚಹದ ಹೊಟೇಲಿನ ಮುಂದೆ ಕೂತಿದ್ದವರು ಸಾಸರು ಸಮೇತ ಎದ್ದು ಒಳಗೆ ಸರಿದರು. "ಯಾರ ಸಂಗಡ ಜಗಳ ವಿಶ್ವರಾಧ್ಯಣ್ಣಾ? ನೀರು ಕುಡೀ, ತಣ್ಣಗಾಗು," ಎಂದು ಒಳಗಿನಿಂದಲೇ ಯಾರೋ ಸಮಾಧಾನ ಹೇಳಿದರು. ಹಣ್ಣಿನ ಬಂಡಿಯವನೊಬ್ಬ ಕೇಳದೆಯೇ ದಾರಿ ಬಿಟ್ಟ. ಯಾವತ್ತೂ ಇಷ್ಟು ಸಲೀಸಾಗಿ ಬಜಾರ ದಾಟಿದ್ದಿಲ್ಲವಲ್ಲ ಎಂದು ವಿಶ್ವರಾಧ್ಯನಿಗೆ ಖುಷಿಯೇ ಆಯಿತು.

ಅಷ್ಟರಲ್ಲಿ ಸೌಭಾಗ್ಯಳ ಫೋನು ಬಂತು.

"ಏನ್ರಿ, ಮಾಸ್ತರ್ನ ಕಡ್ಯಾಕ ಹೊಂಟೀರಂತ?"

"ಯಾರು ಹೇಳಿದ್ರು?"

"ಊರೇ ಹೇಳಾಕತ್ತದ! ಅವರು ಸಂಡಾಸದಾಗ ಹೊಕ್ಕು ಚಿಲಕ ಹಾಕ್ಕೊಂಡಾರ. 'ಬೋಲ್ಟಿನ ಮಾತು ವಾಪಸ್ ತಗೊಂಡೀನಿ ಅಂತ ಹೇಳವ್ವಾ' ಅಂತ ಒಳಗಿಂದ ಒದರಾಕತ್ತಾರ."

"ನಾ ಕಂಬಾರನ ಕಡಿ ಹೊಂಟೀನಿ ಅಂತ ಹೇಳು."

"ಹೇಳ್ದೆ. ಅದಕ್ಕ ಅವರು, 'ಸಾಣಿ ಹಿಡಸಾಕ ಹೊಂಟಾನೇನು' ಅಂದ್ರು."

ಮೌನಪ್ಪನ ಕುಲುಮೆ ಇದ್ದದ್ದು ಬಸ್ ನಿಲ್ದಾಣದ ಹಿಂದೆ. ಹೆಸರಿಗೆ ಮೌನಪ್ಪ, ಸುತ್ತಿಗೆ ಸುಮ್ಮನಾದರೂ ಅವನ ಬಾಯಿ ಸುಮ್ಮನಾಗುತ್ತಿರಲಿಲ್ಲ. ಅಲಗನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಬಾರಿಸಿ, ಕಿವಿಗೊಟ್ಟು ಕೇಳಿದ.

"ಭಾರಿ ಕಬ್ಬಿಣ ಅದಪ್ಪ. ಈಗಿನ ಚಾಕುಗೋಳು ಬದನಿಕಾಯಿ ಕಂಡ್ರೂ ಮಣೀತಾವ. ಇದಕ್ಕ ಹಳೀ ಜಾಲಿ ಕಟ್ಟಿಗಿ ಹಾಕೂಣು, ಹಿತ್ತಾಳಿ ಮೊಳಿ ಬಡ್ಯೂಣು. ನೀ ಏನ್ ನಿಂತು ನೋಡ್ತಿ? ಕೂಡು, ಹಿಡಕೋ."

ಜಾಲಿಯ ತುಂಡೊಂದನ್ನು ಸೀಳಿ ಎರಡು ಹೊಸ ಹೋಳು ಮಾಡಿದ. ಅಲಗಿನ ಬಾಲವನ್ನು ನಡುವೆ ಇಟ್ಟು, ಅದರ ತೂತುಗಳ ನೇರಕ್ಕೇ ಕಟ್ಟಿಗೆಯನ್ನೂ ಕೊರೆದ. ಹಿತ್ತಾಳೆಯ ಸಲಾಕೆಯಿಂದ ಮೂರು ತುಂಡು ಕತ್ತರಿಸಿದ. ಒಂದೊಂದೂ ಹಿಡಿಕೆಯ ದಪ್ಪಕ್ಕಿಂತ ಎರಡು ಜೋಳದ ಕಾಳಿನಷ್ಟು ಉದ್ದ.

"ಈ ಹೆಚ್ಚಿಗಿ ಉದ್ದ ಅದಲಾ, ಅದೇ ಮೊಳಿಯ ತಲಿ ಆಗ್ತದ. ಆದ್ರ ಒಮ್ಮೆಲೆ ಹೊಡದ್ರ ಕಟ್ಟಿಗಿ ಸೀಳ್ತದ. ಕೂಸಿನ ಬೆನ್ನು ತಟ್ಟಿ ಮಲಗಸ್ತೀವಲ್ಲ, ಹಂಗ. ಈ ಕಡಿ ನಾಕು ಏಟು, ಹೊಳ್ಳಿಸಿ ಆ ಕಡಿ ನಾಕು ಏಟು."

ಟಿಕ್ ಟಿಕ್ ಟಿಕ್ ಟಿಕ್. ಹಿತ್ತಾಳೆಯ ತುದಿ ಮೆಲ್ಲಗೆ ಅರಳಿ ಕಟ್ಟಿಗೆಯನ್ನು ಅಪ್ಪಿಕೊಂಡಿತು. ಎರಡು ಮುಗಿಸಿ ಮೌನಪ್ಪ ಸುತ್ತಿಗೆಯನ್ನು ವಿಶ್ವರಾಧ್ಯನತ್ತ ಚಾಚಿದ. "ಮೂರನೇದು ನೀನೇ ಬಡಿ."

"ಬ್ಯಾಡ ಕಾಕಾ, ಮುಂಜಾನಿಂದ ನಾ ಮುಟ್ಟಿದ್ದೆಲ್ಲ ಮುರ್ಯಾಕತ್ತದ."

"ಬಡೀ ಅಂದೆ."

ವಿಶ್ವರಾಧ್ಯ ಉಸಿರು ಬಿಗಿಹಿಡಿದು ಬಡಿದ. ನಾಲ್ಕು ಈ ಕಡೆ, ನಾಲ್ಕು ಆ ಕಡೆ. ಕಟ್ಟಿಗೆ ಸೀಳಲಿಲ್ಲ. ಅರದಿಂದ ತಿಕ್ಕಿ, ಎಣ್ಣೆ ಸವರಿದ ಮೇಲೆ ಮೂರು ಮೊಳೆಗಳೂ ಹಿಡಿಕೆಯ ಮೇಲೆ ಹೊಸ ಕಿವಿಯೋಲೆಯಂತೆ ಹೊಳೆದವು. ಅಲುಗಾಡಿಸಿದರೆ ಅಲುಗಲಿಲ್ಲ. ಕಲ್ಲಿಗೆ ಕುಟ್ಟಿದರೂ ಮಿಸುಕಲಿಲ್ಲ. ಇಪ್ಪತ್ತು ವರ್ಷದಿಂದ ಬಾಯಿಂದಷ್ಟೇ ಕೆಲಸ ಮಾಡಿದ್ದ ವಿಶ್ವರಾಧ್ಯ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬದುಕಿನಲ್ಲಿ ಇದೊಂದು ಕಲಿತೆನಲ್ಲ ಅನ್ನಿಸಿ ಎದೆ ತುಂಬಿತು.

ಅದೇ ಹೊತ್ತಿಗೆ ಗೋಡೆಯಾಚೆ ಮೈಕು ಗರ್ರೆಂದಿತು. "ಸುರಪುರದಿಂದ ಬಂದ ಬಸ್ಸು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ..." ತನ್ನದೇ ನೌಕರಿಯ ಮಾತು ಕೇಳಿ ವಿಶ್ವರಾಧ್ಯ ಅಂದು ಮೊದಲ ಸಲ ಬೆದರಿ ಓಡಿದ.

ಆಟೋ ಹತ್ತಿದ್ದ ದೇವಕಮ್ಮ ಆಗಲೇ ಅಂಗಳಕ್ಕೆ ಬಂದು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆಂದು ವಿಶ್ವರಾಧ್ಯ ಅದನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಂತ.

"ಯವ್ವಾ, ಹಿಡಿಕಿ ಮುರದಿತ್ತು. ಹೊಸಾದು ಹಾಕಿಸೀನಿ. ಮೂರನೇ ಮೊಳಿ ನಾನೇ ಬಡ್ದೀನಿ ನೋಡು."

ದೇವಕಮ್ಮ ಚಾಕು ಎತ್ತಿಕೊಂಡಳು. ಹೆಬ್ಬೆರಳಿನಿಂದ ಒಂದೊಂದೇ ಮೊಳೆ ಒತ್ತಿ ನೋಡಿದಳು. ಅಲ್ಲಾಡಿಸಿದಳು. ಮುಖ ಕಪ್ಪಿಟ್ಟಿತು.

"ನಿನ್ನ ಶಾಣ್ಯಾತನಕ್ಕ ಬೆಂಕಿ ಹತ್ತಲಿ! ಯಾರು ಮಾಡಂದ್ರೋ ನಿನಗ?"

"ಯಾಕ ಯವ್ವಾ, ಬಿಗಿ ಆಗಿಲ್ಲೇನು?"

"ಬಿಗಿ ಆಗೇದಂತೇ ಹೊಟ್ಟಿ ಉರ್ಯಾಕತ್ತದ!" ಅವಳು ಸೊಂಟದಿಂದ ಎಲೆಯಡಿಕೆಯ ಸಂಚಿ ತೆಗೆದು ಕಟ್ಟೆಯ ಮೇಲೆ ಕೊಡವಿದಳು. ಅಡಿಕೆ ಚೂರಿನ ಜೊತೆ ಮೂರು ಹಳೆಯ ಹಿತ್ತಾಳೆ ಮೊಳೆ ಉರುಳಿದವು. "ನಾನೇ ತಗದು, ಆ ಜಾಗಾಕ್ಕ ಬಿದಿರ ಕಡ್ಡಿ ತುರುಕಿದ್ದೆ. ಕೇಳಾಕ ಬಂದವರಿಗೆ ಕೊಡೋ ಚಾಕು ಅದು! ಇಲ್ಲ ಅಂದ್ರ ಜಿಪುಣಿ ಅಂತೀರಿ. ಇದನ್ನ ಕೊಟ್ರ, ಒಮ್ಮಿ ಮುರಕೊಂಡವರು ಅಂಜಿ ಮತ್ತ ನನ್ನ ಬಾಗಲಿಗೆ ಬರಾಂಗಿಲ್ಲ. ಆರು ವರ್ಷ ಆತು, ನನ್ನ ಖರೇ ಚಾಕು ಮನಿ ಹೊಸ್ತಿಲಾ ದಾಟಿಲ್ಲ."

"ಆ ಜರಡೀನೂ...?"

"ಹೂಂ, ಅದೂ ಹಂಗ. ನೀ ಈಗ ಇದನ್ನ ಗಟ್ಟಿ ಮಾಡಿದ್ದು ಓಣಿಗೆ ಗೊತ್ತಾದ್ರ ನಾಳಿ ಮುಂಜಾನಿ ಪಾಳಿ ಹಚ್ತಾರ. ಬೋರಿನ ನೀರು ಬೇಕಂದ್ರ ಇದು ಹೆಂಗಿತ್ತೋ ಹಂಗ ಮಾಡ್ಕೊಂಡು ಬಾ."

"ಮೌನಪ್ಪ ಕಾಕಾ ಬಡ್ದ ಮೊಳಿ ಯವ್ವಾ, ಹೆಂಗ ತೆಗೀಲಿ?"

"ಬಡಿಯೂಮುಂದ ನನ್ನ ಕೇಳಿದ್ಯೇನು?"

ವಿಶ್ವರಾಧ್ಯ ತನ್ನ ಮನೆಯ ಕಟ್ಟೆಗೆ ಬಂದು ಕೂತ. ಒಳಗೆ ಸೌಭಾಗ್ಯ ನಕ್ಕೂ ನಕ್ಕೂ ಬಿಕ್ಕಳಿಸುತ್ತಿದ್ದಳು. ಈಳಿಗೆಯಲ್ಲೇ ಹೇಗೋ ಹೆಚ್ಚಿದ ಕುಂಬಳದ ಪಲ್ಯದ ಒಗ್ಗರಣೆ ಘಮ್ಮೆನ್ನುತ್ತಿತ್ತು. ಜೀವ ಉಳಿದದ್ದು ಖಾತ್ರಿಯಾದ ಮೇಲೆ ಬಸವಂತರಾಯ ಮಾಸ್ತರರ ತಲೆಯೂ ಗೋಡೆಯ ಮೇಲೆ ಮೂಡಿತು.

"ಮಾಸ್ತರ್ರ, ಮೊಳಿ ಕೀಳಾಕ ಪಕ್ಕಡ ಅದೇನ್ರಿ ನಿಮ್ಮ ಕಡಿ?"

ಮಾಸ್ತರರು ತುಸು ಅನುಮಾನಿಸಿ ಒಳಗೆ ಹೋಗಿ ಇಕ್ಕಳ ತಂದುಕೊಟ್ಟರು. "ಜ್ವಾಕಿ ತಮ್ಮಾ. ನಮ್ಮ ಅಪ್ಪನ ಕಾಲದ್ದು."

"ಜ್ವಾಕಿನೇ ಮಾಡ್ತೀನ್ರಿ."

ವಿಶ್ವರಾಧ್ಯ ಮೂರನೇ ಮೊಳೆಯ ತಲೆಯನ್ನು ಇಕ್ಕಳದಲ್ಲಿ ಕಚ್ಚಿಸಿ ಮೆಲ್ಲಗೆ ಒತ್ತಿದ. ಟಕ್ ಎಂದಿತು. ಮೊಳೆ ಇದ್ದಲ್ಲೇ ಇತ್ತು. ಇಕ್ಕಳದ ಒಂದು ಕಾಲು ಅವನ ಎಡಗೈಯಲ್ಲಿ, ಇನ್ನೊಂದು ಬಲಗೈಯಲ್ಲಿ ಉಳಿದವು. ನಡುವಿನ ಕೀಲಿನ ತೂತಿನಿಂದ ಮುರಿದ ಬಿದಿರ ಕಡ್ಡಿಯೊಂದು ಅವನ ತೊಡೆಯ ಮೇಲೆ ಬಿತ್ತು. ಗೋಡೆಯಾಚೆ ಮಾಸ್ತರರ ಮನೆಯ ಕಿಟಕಿ ಸದ್ದಿಲ್ಲದೆ ಮುಚ್ಚಿಕೊಂಡಿತು.