ನಲವತ್ತು ಮಂದಿ ಸಾಕಿದ ಕೂಸು

ನಮ್ಮ ಸವದತ್ತಿಯ ಸಣ್ಣ ಚರ್ಚಿನಲ್ಲಿ ಯಾರಿಗಾದರೂ ಕಷ್ಟ ಬಂತೆಂದರೆ ಸಭೆಯವರೆಲ್ಲ ಸಹಾಯಕ್ಕೆ ಓಡುತ್ತಾರೆ. ಕಷ್ಟ ದುಪ್ಪಟ್ಟಾಗುವುದು ಹೀಗೆ. ನಾನು ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುವವನು, ಆದರೆ ಇದು ಮುಕ್ಕಾಲು ಪಾಲು ಖರೆ.

೧. ಸಹಾಯ

ಮೊಬೈಲು ಹೊಸದಾಗಿ ಬಂದಿದ್ದ ದಿನಗಳು. ನಮ್ಮ ಸಭೆಯ ಹೊಲಿಗೆ ಅಕ್ಕ ಮತ್ತು ಆಕೆಯ ಗಂಡ ಒಂಬತ್ತು ತಿಂಗಳ ಹೆಣ್ಣುಕೂಸನ್ನು ದತ್ತು ತಂದರು. ಬೆಳಗಾವಿಯ ಮಕ್ಕಳ ಇಲಾಖೆಯ ಆಫೀಸರ್ ಬಾಯಾರು ಮನೆಗೆ ಬಂದು ನೋಡಿ ವರದಿ ಬರೆಯಬೇಕು. ಅವರು ಒಪ್ಪದಿದ್ದರೆ ಕೂಸು ವಾಪಸ್. ಅಕ್ಕನಿಗೆ ಅದೇ ಹೆದರಿಕೆ, ಮೇಲೆ ನಿದ್ದೆಯೂ ಇಲ್ಲ.

"ದಿನಾ ಒಂದು ತಾಸು ಯಾರರೆ ಕೂಸು ಹಿಡಕೊಂಡ್ರ ಸಾಕ್ರಿ," ಅಂದಳು.

"ಒಂದ್ ತಾಸ್ಯಾಕವಾ? ವಾರಕ್ಕ ಮೂರು ಪ್ರಾರ್ಥನಾ ಕೂಟ ನಿಮ್ಮ ಮನ್ಯಾಗ ಇಡತೇವಿ!" ಅಂದರು ಸಭೆಯ ಹಿರಿಯರು.

ಕೂಟ ಯಾರ ಮನೆಯಲ್ಲೋ ಚಹಾ ಅವರದೇ, ಇದು ನಮ್ಮ ಪದ್ಧತಿ. ಅಕ್ಕ ಕೂಸನ್ನು ಬಗಲಲ್ಲಿಟ್ಟುಕೊಂಡು ನಲವತ್ತು ಕಪ್ ಚಹಾ ಕಾಸಿದಳು, ಗಂಡ ಕುರ್ಚಿ ಹೊತ್ತ. ಕೂಸು ಹಿಡಿಯಲು ಯಾರಿಗೂ ಕೈ ಬಿಡುವಿರಲಿಲ್ಲ: ಒಂದರಲ್ಲಿ ಕಪ್, ಇನ್ನೊಂದರಲ್ಲಿ ಬಶಿ.

೨. ಮೂಗು

ಕೂಸಿಗೆ ಯಾರ ಹೋಲಿಕೆ ಎಂದು ಹೆಣ್ಣುಮಕ್ಕಳು ಚರ್ಚೆಗಿಳಿದರು. ಅಕ್ಕ ತಲೆ ತಗ್ಗಿಸಿದಳು. ನನಗೆ ತಡೆಯಲಿಲ್ಲ. "ಮೂಗು ನೋಡ್ರಿ, ಥೇಟ್ ನಮ್ಮ ಹಿರಿಯರದ!" ಅಂದೆ.

ಹಿರಿಯರು ಖುಷಿಯಿಂದ ಮೂಗು ಸವರಿಕೊಂಡರು. ಅವರ ಹೆಂಡತಿ ಮೂರು ದಿನ ಗಂಡನ ಜೊತೆ ಮಾತು ಬಿಟ್ಟರು. ಹೋಲಿಕೆಯ ಚರ್ಚೆ ಮಾತ್ರ ಅಲ್ಲಿಗೇ ನಿಂತಿತು.

೩. ಪಂಕ್ಚರ್

ಬಾಯಾರು ಬರುವ ದಿನ ವಿಶೇಷ ಕೂಟ. ಎಲ್ಲರ ಕಣ್ಣು ಮುಚ್ಚಿದ್ದವು. ಹಿರಿಯರು ದನಿ ಏರಿಸಿದರು: "ಕರ್ತನೇ, ಆ ಆಫೀಸರ್ ಬಾಯಿ ಭಾಳ ಕಡಕ್ ಅದಾಳಂತ. ಆಕಿ ಬಸ್ಸು ಮುರಗೋಡದಾಗ ಪಂಕ್ಚರ್ ಆಗ್ಲಿ!"

ನಾನು ಕಣ್ಣು ಮುಚ್ಚುವವರ ಪೈಕಿಯಲ್ಲ. ಬಾಯಾರು ಬಾಗಿಲಲ್ಲೇ ನಿಂತಿದ್ದರು. ಪ್ರಾರ್ಥನೆ ಅಲ್ಲಿಗೇ ಮುಗಿಯಲೆಂದು ನಾನೇ ಜೋರಾಗಿ "ಆಮೆನ್" ಅಂದೆ.

"ಆಮೆನ್," ಅಂದರು ಬಾಯಾರೂ. "ಆಗಿತ್ರಿ. ಅದಕ್ಕ ತಡಾ ಆತು."

ಅಕ್ಕ ಕೂಸನ್ನು ಎತ್ತಿಕೊಂಡು ಅಡಿಗೆಮನೆಯಿಂದ ಬಂದಳು. ಬಾಯಾರು ಕೈ ಚಾಚಿದರೆ ಕೂಸು ಚಿಟ್ಟನೆ ಚೀರಿ ಅಕ್ಕನ ಕೊರಳಿಗೆ ಜೋತುಬಿತ್ತು. ಬಾಯಾರು ನಕ್ಕು, ಬರೆದುಕೊಳ್ಳುತ್ತ ಅಂದರು: "ಕೂಸು ತಾಯಿನ್ನ ಹಚ್ಚಿಕೊಂಡೈತಿ. ಇನ್ನ ಚಿಂತಿ ಬಿಡ್ರಿ. ನಿಮಗ ಏನರೆ ಸಹಾಯ ಬೇಕೇನ್ರಿ?"

"ಈಗ ಆಗೂ ಸಹಾಯ ನಿಂತ್ರ ಸಾಕ್ರಿ," ಅಂದಳು ಅಕ್ಕ.

ಹಿರಿಯರ ಕಣ್ಣಲ್ಲಿ ನೀರು. "ದೇವರು ದೊಡ್ಡಾಂವ! ಇದಕ್ಕೊಂದು ಸ್ತೋತ್ರದ ಕೂಟ ಇಡೂಣು!"

ಅಕ್ಕ ಚಹಾದ ಬೋಗುಣಿಯನ್ನು ಅವರ ಕೈಗಿಟ್ಟಳು.

"ಇಡ್ರಿ. ನಿಮ್ಮ ಮನ್ಯಾಗ."