ಅಗಸ್ತ್ಯ ತೀರ್ಥದ ಬಣ್ಣ

ಮಾಘದ ಬೆಳಗು. ಇಳಕಲ್ಲಿನ ಓಣಿಯಲ್ಲಿ ಮಗ್ಗಗಳು ಆಗಲೇ ಮಾತಿಗಿಳಿದಿದ್ದವು. ಚಂದ್ರವ್ವನ ಮಗ್ಗ ಮಾತ್ರ ಸುಮ್ಮನಿತ್ತು. ಬದಾಮಿಯ ಅಗಸ್ತ್ಯ ತೀರ್ಥದಲ್ಲಿ ಸಂಜೆ ಕೆಂಪು ಬಂಡೆಯ ನೆರಳು ಬೀಳುತ್ತದಲ್ಲ, ಸೆರಗಿಗೆ ಆ ಕೆಂಪೇ ಬೇಕೆಂದು ಗಿರಾಕಿ ಹೇಳಿ ಹೋಗಿದ್ದಳು. ಗಂಡ ಅಮೀನಪ್ಪ ಹಳೆಯ ಬಣ್ಣಗಾರ. ಫೋನಿನ ಚಿತ್ರ ನಂಬುವವನಲ್ಲ.

"ಕಣ್ಣಾರೆ ನೋಡಿ ಬರ್ತೇನಿ. ರಾತ್ರಿಗೆ ಬಣ್ಣಕ್ಕ ನೀರು ಕಾಯಿಸಿ ಇಡು," ಎಂದ.

ಕಾಲು ಸೋತು ಆರು ವರ್ಷ. ಬಸ್ಸೆಂದರೆ ಇಬ್ಬರು ಅವನನ್ನು ಜೋಳದ ಚೀಲದಂತೆ ಎತ್ತಿ ಒಳಗೆ ಒಗೆಯುತ್ತಿದ್ದರು. ಈಗ ಗಾಲಿಕುರ್ಚಿ ಏರುವ ಬಸ್ಸು ಬಂದಿತ್ತು. ಆ ಸಂಭ್ರಮಕ್ಕೆ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ತೊಂದರೆ ಅಲ್ಲಿಂದಲೇ ಶುರು.

ಬಸ್ಸು ನಾಲಿಗೆಯಂತೆ ಹಲಗೆ ಚಾಚಿತು. ಕುರ್ಚಿ ಬೆಣ್ಣೆಯ ಮೇಲೆ ಜಾರಿದಂತೆ ಒಳಗೆ ಹೋಯಿತು. ನೋಡಿಕೊಳ್ಳಲೆಂದು ನೆರೆಮನೆಯ ರಾಮವ್ವ, ಹಣಮಪ್ಪ ಹತ್ತಿದರು. ಹುನಗುಂದ ದಾಟುವಷ್ಟರಲ್ಲಿ ರಾಮವ್ವ ಮೂರು ಹೋಳಿಗೆ ತಿನ್ನಿಸಿದಳು. ದಾರಿಯ ಸಂತೆಯಲ್ಲಿ ಹಣಮಪ್ಪ ಉಳ್ಳಾಗಡ್ಡಿ ಚೀಲ ತಂದು ಅವನ ತೊಡೆಯ ಮೇಲಿಟ್ಟ.

"ನಾನೇನು ಗೂಡ್ಸ್ ಗಾಡಿ ಏನಲೇ?"

"ತುಸು ಹಿಡೀರಿ ಕಾಕಾ, ಕೆಳಗಿಟ್ರ ಉಳ್ಳಾಡ್ತಾವ."

ತೀರ್ಥದ ದಂಡೆಗೆ ಬಂದಾಗ ಇನ್ನೂ ಬಿಸಿಲು. ಕೆಂಪೇರಲು ಎರಡು ತಾಸು ಬೇಕು. ಇಬ್ಬರೂ ಗವಿಗಳ ಮೆಟ್ಟಿಲು ಹತ್ತಿದರು. ಅಮೀನಪ್ಪ ಚೀಲಕ್ಕೆ ಗದ್ದ ಊರಿ ಕಾದ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಥಪ್, ಥಪ್, ತನ್ನ ಓಣಿಯ ಮಗ್ಗದ ಸಪ್ಪಳವೇ. ನೀರು ಮಡಿಕೆ ಮಡಿಕೆಯಾಗಿ ಸೀರೆಯಂತೆ ಬಿಚ್ಚಿಕೊಂಡಿತು. ಬಂಡೆ ಕರಗಿ ಸೆರಗಿಗಿಳಿಯಿತು. ಕೈ ಅದ್ದಿದ, ಬಣ್ಣ ಮೊಣಕೈವರೆಗೆ ಏರಿತು. "ಹಾಂ, ಇದ!" ಎಂದು ಕೂಗಿ ಕಣ್ಣು ತೆರೆದ.

ಬಸ್ಸಿನ ದೀಪ. ಕೈಯಲ್ಲಿ ಉಳ್ಳಾಗಡ್ಡಿಯ ಸಿಪ್ಪೆ.

"ಹಣಮಪ್ಪ, ತೀರ್ಥ ಎಲ್ಲೈತೋ?"

"ಅದು ಬದಾಮಿಯಾಗ ಐತ್ರಿ ಕಾಕಾ. ನಾವು ಹುನಗುಂದಕ್ಕ ಬಂದೇವಿ."

"ಎಬ್ಬಿಸಬಾರದೇನಲೇ!"

"ಹಲಗಿ ಮ್ಯಾಲೆ ನೂಕಿದ್ರೂ ಎಚ್ಚರಾಗಲಿಲ್ಲ ನೀವು," ಎಂದಳು ರಾಮವ್ವ. "ಅಂಥಾ ಸುಖದ ನಿದ್ದಿ ಕೆಡಿಸಿದ್ರ ಪಾಪ ಬರತೈತಿ ಅಂದೆ."

"ನೀನಾದ್ರೂ ನೀರು ನೋಡಿದೇನು? ಯಾವ ಬಣ್ಣ ಇತ್ತು?"

"ಭಾಳ ಚಂದ ಇತ್ತು."

"ಚಂದ ಅಂದ್ರ?"

"ಚಂದ ಅಂದ್ರ ಚಂದ."

ಹಣಮಪ್ಪ ಫೋನು ತೋರಿಸಿದ. ಅವನ ತಲೆ, ರಾಮವ್ವನ ತಲೆ, ನಡುವೆ ಬಾಯಿ ತೆರೆದು ಮಲಗಿದ ಅಮೀನಪ್ಪ. ತೀರ್ಥ ಅವನ ಕಿವಿಯ ಪಕ್ಕ ಒಂದೆಳೆಯಷ್ಟಿತ್ತು.

ಮನೆಯ ಬಾಗಿಲಲ್ಲಿ ಚಂದ್ರವ್ವ ರೇಷ್ಮೆ ಲಡಿ ಹಿಡಿದು ನಿಂತಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಬಣ್ಣ ಸಿಕ್ತೇನ್ರಿ?"

ಅಮೀನಪ್ಪ ಅಂಗೈ ತಿರುವಿ ತಿರುವಿ ನೋಡಿಕೊಂಡ.

"ನೀರು ಇಳಿಸು. ಬರೋ ವಾರ ಮತ್ತ ಹೋಗ್ತೇನಿ. ಆದ್ರ ಹಳೇ ಬಸ್ಸಿನಾಗ. ಎತ್ತಿ ಒಗದ್ರ ಎಚ್ಚರಾದ್ರೂ ಆಗತೈತಿ."